ಬಿಸಿ ತಾಗದ ಕೈ

ನೀರನ್ನು ಪಾದದ ಮೇಲೆ ಸುರಿದು ನೋಡಬಹುದಿತ್ತು. ಇಷ್ಟು ಸಣ್ಣ ವಿಷಯ ವಿನೋದಾಳಿಗೆ ಹೊಳೆದದ್ದು ಈಗ, ವೃದ್ಧಾಶ್ರಮದ ಜಗಲಿಯಲ್ಲಿ ಅತಿಥಿಗಳ ಕುರ್ಚಿ ಒರೆಸುತ್ತಿರುವಾಗ. ಪಾದ ಬೇಡವಾದರೆ ಮೊಣಕೈ, ಅದೂ ಬೇಡವಾದರೆ ಕೆನ್ನೆ. ಒಂದು ಮೈಯಲ್ಲಿ ಬಿಸಿ ತಿಳಿಯುವ ಜಾಗ ಅಷ್ಟೊಂದು ಇರುವಾಗ, ಬಿಸಿಯನ್ನು ಎಂದೋ ಮರೆತುಬಿಟ್ಟಿದ್ದ ಈ ಎರಡು ಅಂಗೈಗಳನ್ನೇ ಬಕೆಟಿಗೆ ಅದ್ದಿ, "ಹದ ಉಂಟು ಅಮ್ಮ" ಅಂದಿದ್ದಳು. ಒರೆಸಿದ ಕುರ್ಚಿಯನ್ನೇ ಅವಳು ಮತ್ತೆ ಒರೆಸಿದಳು. ಅಂಗಳ ಗುಡಿಸುತ್ತಿದ್ದ ಸೌದಾ ಹಿಡಿಸೂಡಿ ನಿಲ್ಲಿಸಿ, "ವಿನೋದಕ್ಕ, ಅದರ ಬಣ್ಣ ಹೋದ್ರೆ ಶೆಟ್ರು ಕಟ್ಟಡದ ಒಟ್ಟಿಗೆ ಕುರ್ಚಿಯನ್ನೂ ಕೊಡ್ಬೇಕಾದೀತು" ಅಂದಳು. ವಿನೋದಾ ನಗಲಿಲ್ಲ. ಸೌದಾಳಿಗೆ ಇವಳು ನಗುವುದಿಲ್ಲವೆಂದು ಗೊತ್ತಿತ್ತು. ಮೊನ್ನೆಯಿಂದ ಅವಳು ಏನಾದರೊಂದು ಹೇಳಿ ಇವಳ ಮುಖ ನೋಡುತ್ತಾಳೆ, ಮತ್ತೆ ಗುಡಿಸುತ್ತಾಳೆ.

ಕೈಗಳನ್ನು ಅವಳು ಯಾವತ್ತೂ ಸೆರಗಿನೊಳಗೆ ಇಟ್ಟುಕೊಳ್ಳುವವಳು. ಬಂಟ್ವಾಳದ ಹತ್ತಿರದ ಗೇರುಬೀಜದ ಕಾರ್ಖಾನೆಯಲ್ಲಿ ಯೌವನವೆಲ್ಲ ಬೀಜ ಒಡೆದ ಕೈಗಳು. ಸಿಪ್ಪೆಯ ಎಣ್ಣೆ ತಾಗದ ಹಾಗೆ ಬೂದಿ ಹಚ್ಚಿಕೊಂಡು ಕೂತರೂ ಅದು ತಾಗಿಯೇ ತಾಗುತ್ತದೆ. ಮೊದಲು ಸುಡುತ್ತದೆ, ಆಮೇಲೆ ಚರ್ಮ ಏಳುತ್ತದೆ, ಆಮೇಲೆ ಕಪ್ಪಾಗಿ ಮರದ ತೊಗಟೆಯಂತೆ ದಪ್ಪ ಕಟ್ಟುತ್ತದೆ, ಆಮೇಲೆ ಏನೂ ಆಗುವುದಿಲ್ಲ. ಏನೂ ಆಗದಿರುವುದೇ ಒಂದು ಹೆಚ್ಚುಗಾರಿಕೆಯೆಂದು ಅವಳು ಎಷ್ಟು ವರ್ಷ ನಂಬಿದ್ದಳು. ನರಿಕೊಂಬಿನಲ್ಲಿ ಅಣ್ಣನ ಮನೆಯಲ್ಲಿದ್ದಾಗ ಒಲೆಯ ಮೇಲಿನ ಅನ್ನದ ಪಾತ್ರೆಯನ್ನು ಬಟ್ಟೆಯಿಲ್ಲದೆ ಇಳಿಸಿದರೆ ಮಕ್ಕಳು ಸುತ್ತ ನಿಂತು ನೋಡುತ್ತಿದ್ದರು. ಅತ್ತಿಗೆ ಮಾತ್ರ, "ಬಡಿಸ್ಲಿಕ್ಕೆ ನೀವು ಬರ್ಬೇಡಿ, ಬಂದವರು ಎಂತ ಗ್ರಹಿಸ್ತಾರೆ" ಎನ್ನುತ್ತಿದ್ದಳು. ಬಂದವರು ಕುಷ್ಠವೆಂದು ಗ್ರಹಿಸುತ್ತಿದ್ದರು. ಇಲ್ಲಿಗೆ ಕೆಲಸ ಕೇಳಿಕೊಂಡು ಬಂದ ದಿನ ಅಡುಗೆಯವರು ರಜೆಯಲ್ಲಿದ್ದರು, ಗಂಜಿ ಉಕ್ಕುತ್ತಿತ್ತು, ಅವಳು ಹೋಗಿ ಬರಿಗೈಯಲ್ಲಿ ಇಳಿಸಿದ್ದಳು. ಮ್ಯಾನೇಜರ್ ಉದಯಶಂಕರ ಬಾಗಿಲಲ್ಲಿ ನಿಂತು ನೋಡಿ, "ಇಂಥ ಕೈ ಬೇಕು ನೋಡಿ ನಮಗೆ" ಅಂದಿದ್ದ. ಅದೇ ದಿನ ಅವಳಿಗೆ ಬಚ್ಚಲುಮನೆಯ ಕೆಲಸ ಕೊಟ್ಟ. ಇಂಥ ಕೈ ಬಚ್ಚಲುಮನೆಗೆ ಬೇಡ ಎಂದು ಆಗ ಅವನಿಗೂ ಹೊಳೆಯಲಿಲ್ಲ, ಇವಳಿಗೂ ಹೊಳೆಯಲಿಲ್ಲ. ಎಂಬತ್ತಮೂರನೇ ಇಸವಿಯ ಈ ಬೇಸಗೆಯವರೆಗೆ ಹೊಳೆಯದೆ ಇದ್ದದ್ದಕ್ಕೆ ಕಾರಣ ಸೌದಾ. ಬಿಸಿನೀರಿಗೆ ತಣ್ಣೀರು ಬೆರೆಸಿ, "ಅಕ್ಕ, ಸಾಕು" ಎನ್ನುತ್ತಿದ್ದವಳು ಅವಳು. ಮೊನ್ನೆ ಸೌದಾಳನ್ನು ಅಂಗಳಕ್ಕೆ ಹಾಕಿದ್ದರು.

ಮೊನ್ನೆ ಬರಬೇಕಿದ್ದವರು ಸುಧಾಕರ ಶೆಟ್ರು. ದುಬಾಯಿಯಲ್ಲಿ ಹೋಟೆಲು, ಊರಿಗೆ ಬಂದಾಗ ಮೂಡುಬಿದಿರೆಯಿಂದ ವೇಣೂರಿಗೆ ಹೋಗುವ ದಾರಿಯಲ್ಲಿರುವ ಈ ಆಶ್ರಮದಲ್ಲಿ ಒಂದು ಊಟ. ಈ ಸಲ ತಾಯಿಯ ಹೆಸರಿನಲ್ಲಿ ಹೊಸ ಕಟ್ಟಡದ ಮಾತು. ಪಂಪು ಕೆಟ್ಟು ತಿಂಗಳುಗಳಾಗಿತ್ತು. ಬಾವಿಯ ತಳದಿಂದ ಸೇದಿ ಕೊಡಪಾನದಲ್ಲಿ ಹೊತ್ತು ತರಬೇಕು. ತಂದದ್ದನ್ನೆಲ್ಲ ಅಡುಗೆಮನೆಯ ಡ್ರಮ್ಮಿಗೇ ತುಂಬಿಸಿ ಎಂದು ಉದಯಶಂಕರ ಹೇಳಿದ್ದ. "ಹಂಡೆಯಲ್ಲಿ ನೀರು ಉಂಟಲ್ಲ ವಿನೋದಕ್ಕ, ಅದರಲ್ಲಿಯೇ ಮುಗಿಸಿ. ಕಾರು ಬರುವಾಗ ಎಲ್ಲರೂ ಬೆಂಚಿನಲ್ಲಿ ಕೂತಿರ್ಬೇಕು." ಒಬ್ಬೊಬ್ಬರನ್ನೇ ಎಬ್ಬಿಸಿ, ಬಟ್ಟೆ ಬಿಚ್ಚಿ, ಮಣೆಯಲ್ಲಿ ಕೂರಿಸಿ, ತಲೆ ಒರೆಸಿ. ಕೈಕಾಲು ಆಡುವವರು ಹಂಡೆಯ ನೀರನ್ನು ಬಕೆಟಿಗೆ ತೋಡಿಕೊಂಡು ಆರುವ ತನಕ ಕಾದರು. ಸುಬ್ಬಮ್ಮ ಕಾಯುವಾಗ ಬೈದರು. ಕೊನೆಯವರು ತ್ರಿಪುರಸುಂದರಿ ಅಮ್ಮ. ಆಗ ಕೊಡಪಾನದ ತಳದಲ್ಲಿ ಒಂದು ಚೆಂಬು ತಣ್ಣೀರು ಉಳಿದಿತ್ತು, ಗೇಟಿನ ಹೊರಗೆ ಕಾರಿನಂಥದೊಂದು ಸದ್ದು ಕೇಳಿತ್ತು, ಉದಯಶಂಕರ ಕಿಟಕಿಯಿಂದ "ಆಯ್ತಾ, ಆಯ್ತಾ" ಎಂದು ಕೂಗುತ್ತಿದ್ದ. ಅವಳು ಆ ಚೆಂಬನ್ನು ಬೆರೆಸಿದಳು, ಕೈ ಅದ್ದಿದಳು, ಹದ ಉಂಟು ಅಂದಳು.

ಅಮ್ಮ ಮೊದಲು ಶಾಲೆಯ ಟೀಚರು. ಲಕ್ವ ಹೊಡೆದು ಬಲಭಾಗ ಪೂರ್ತಿ ಹೋಗಿ, ಮಾತಿನಲ್ಲಿ ಒಂದೇ ಒಂದು ಶಬ್ದ ಉಳಿದಿತ್ತು. ಊಟ ಬೇಕಾ ಅಂದರೂ "ಆಯ್ತು". ಬೇಡವಾ ಅಂದರೂ "ಆಯ್ತು". ಅಳುವಾಗಲೂ ಅದೇ. ಅದರಲ್ಲಿ ಹೌದು ಯಾವುದು, ಅಲ್ಲ ಯಾವುದು ಎಂದು ಕಣ್ಣು ನೋಡಿ ತಿಳಿಯಬೇಕು. ವಿನೋದಾ ತಿಳಿಯಬಲ್ಲವಳಾಗಿದ್ದಳು. ಆದರೆ ಮೊನ್ನೆ ಅವಳು ಕಣ್ಣು ನೋಡಲಿಲ್ಲ, ಹಿಂದೆ ನಿಂತು ಬಲಭುಜದಿಂದ ನೀರು ಹೊಯ್ದಳು. ಮೈ ಒರೆಸಲೆಂದು ಸೊಂಟಕ್ಕೆ ಸುತ್ತಿದ ದಪ್ಪ ಬೈರಾಸಿನಲ್ಲಿ ನೀರು ನಿಂತಿತು, ನಿಂತು ಸುಟ್ಟಿತು. ಆ ಭಾಗಕ್ಕೆ ಏನೂ ಗೊತ್ತಾಗುವುದಿಲ್ಲ. ಏನೂ ಗೊತ್ತಾಗದ ಕೈ, ಏನೂ ಗೊತ್ತಾಗದ ಸೊಂಟಕ್ಕೆ ನೀರು ಹೊಯ್ಯುತ್ತಿತ್ತು. ಎಡಗೈಗೆ ಒಂದು ಹನಿ ಸಿಡಿದಾಗ ಅಮ್ಮ "ಆಯ್ತು, ಆಯ್ತು" ಅಂದರು. ಅವಳು, "ಆಯ್ತು ಅಮ್ಮ, ಇದೊಂದು ಚೆಂಬು" ಅಂದು ಇನ್ನೂ ಹೊಯ್ದಳು. ಆ ದಿನ ಶೆಟ್ರು ಬರಲಿಲ್ಲ. ಬೆಂಚಿನಲ್ಲಿ ಕೂತವರೆಲ್ಲ ಮಧ್ಯಾಹ್ನದವರೆಗೆ ಕೂತು, ಹಸಿದು, ಎದ್ದರು. ಅಮ್ಮನನ್ನು ಎಬ್ಬಿಸುವಾಗ ಸೀರೆ ಸೊಂಟಕ್ಕೆ ಅಂಟಿಕೊಂಡಿತ್ತು.

ಬೊಬ್ಬೆಗಳು ಬಲಸೊಂಟದಿಂದ ಬೆನ್ನಿನವರೆಗೆ ಒಂದು ಪಟ್ಟಿಯಂತೆ ಎದ್ದಿದ್ದವು. ಉದಯಶಂಕರ ಬಾಗಿಲಿನ ಹೊರಗೇ ನಿಂತು ನೋಡಿದ. ಮುಖ ಬಿಳಿಚಿಕೊಂಡದ್ದು, ಆಮೇಲೆ ನಿಧಾನಕ್ಕೆ ಬಣ್ಣ ಬಂದದ್ದು ಅವಳಿಗೆ ಈಗಲೂ ಕಾಣುತ್ತದೆ. "ಒಂದೇ ಬದಿ. ಸೊಂಟಕ್ಕೆ ಸುತ್ತಿ ಬಂದಿದೆ. ಇದು ಸರ್ಪಸುತ್ತು ಅಲ್ವಾ?" ಪಕ್ಕದ ಹಾಸಿಗೆಯಿಂದ ಸುಬ್ಬಮ್ಮ ಕುತ್ತಿಗೆ ಚಾಚಿ, "ಮತ್ತೆಂತ? ನನ್ನ ಅಜ್ಜನಿಗೆ ಹೀಗೆಯೇ ಆದದ್ದು. ಸರ್ಪದ ತಲೆ ಬಾಲ ಕೂಡಿದ್ರೆ ಮುಗೀತು, ಮನುಷ್ಯ ಉಳಿಯುವುದಿಲ್ಲ. ಡಾಕ್ಟ್ರ ಸೂಜಿ ಆಗ್ಲಿಕ್ಕಿಲ್ಲ, ಒಗ್ಗರಣೆಯ ಹೊಗೆ ತಾಗ್ಲಿಕ್ಕಿಲ್ಲ. ಕಾವಿಮಣ್ಣು ಹಚ್ಚಿ ನಾಗನಿಗೆ ಹೇಳಿಕೊಳ್ಬೇಕು" ಅಂದರು. ಆ ಗಳಿಗೆಯಲ್ಲಿ ವಿನೋದಾಳ ಎದೆಯಿಂದ ಏನೋ ಒಂದು ಜಾರಿ ಕೆಳಗೆ ಬಿತ್ತು. ಬಿದ್ದದ್ದು ಭಾರವೆಂದು ಅವಳಿಗೆ ತಿಳಿದದ್ದು ಮೈ ಹಗುರಾದ ಮೇಲೆ. ಸರ್ಪ. ಹಾಗಾದರೆ ತಾನಲ್ಲ. ಅವಳು ತಲೆಯಾಡಿಸಿದಳು. ಯಾರೂ ಅವಳನ್ನು ಕೇಳಿರಲಿಲ್ಲ, ಆದರೂ ತಲೆಯಾಡಿಸಿದಳು. ನೀರು ಹೊಯ್ದದ್ದಕ್ಕಿಂತ ಹೆಚ್ಚಾಗಿ ಆ ತಲೆಯಾಡಿಸಿದ್ದೇ ಅವಳಿಗೆ ಆಮೇಲೆ ಒಂದು ಹೊತ್ತಿಗೂ ಕಣ್ಣು ಮುಚ್ಚಲು ಬಿಡಲಿಲ್ಲ.

ನಿನ್ನೆ ಕೊಕ್ಕಡದಿಂದ ಅಮ್ಮನ ತಮ್ಮನ ಮಗ ಮಹಾಲಿಂಗೇಶ್ವರ ಭಟ್ರು ಬಸ್ಸು ಬದಲಿಸಿ ಬದಲಿಸಿ ಬಂದರು. ಎಲೆಯಲ್ಲಿ ಕಟ್ಟಿ ತಂದ ಕಾವಿಮಣ್ಣನ್ನು ಕಲಸಿ ತಾವೇ ಹಚ್ಚಿದರು. ಹಚ್ಚುವಾಗ ಮಗುವಿಗೆ ಹಚ್ಚುವ ಹಾಗೆ ಊದುತ್ತಿದ್ದರು. ಒಗ್ಗರಣೆಯ ಹೊಗೆ ತಾಗದಿರಲೆಂದು ಅಮ್ಮನನ್ನು ಹಿಂದಿನ ಕೋಣೆಗೆ, ಹಳೆ ಚಾಪೆ ಮತ್ತು ಮುರಿದ ಬೆಂಚುಗಳಿದ್ದಲ್ಲಿಗೆ ಹಾಕಿದ್ದರು. ಅಲ್ಲಿ ಹಾಕಿದ ಮೇಲೆ ಮುಂದಿನಿಂದ ಬರುವವರಿಗೆ ಅವರು ಕಾಣುವುದಿಲ್ಲ ಎನ್ನುವುದು ಉದಯಶಂಕರನಿಗೆ ಮೊದಲೇ ಹೊಳೆದಿತ್ತೋ, ಆಮೇಲೆ ಹೊಳೆಯಿತೋ. ಇವತ್ತು ಬೆಳಿಗ್ಗೆ ವಿನೋದಾ ಹೋಗಿ ನೋಡುವಾಗ ಮಣ್ಣು ಒಣಗಿ ಬಿರಿದು, ಬಿರುಕಿನಿಂದ ಕೀವು ಒಸರುತ್ತಿತ್ತು. ಹಣೆ ಮುಟ್ಟಿದಳು. ಅಂಗೈಗೆ ಏನೂ ಗೊತ್ತಾಗಲಿಲ್ಲ. ಬಾಗಿ ಕೆನ್ನೆಯನ್ನು ಹಣೆಗೆ ಇಟ್ಟಳು. ಸುಡುತ್ತಿತ್ತು. ಅಮ್ಮ ಎಡಗಣ್ಣು ತೆರೆದು ಅವಳನ್ನು ನೋಡಿದರು. "ಆಯ್ತು" ಎಂಬ ಆ ಒಂದು ಶಬ್ದವೂ ಹೋಗಿತ್ತು.

"ಭಟ್ರೇ, ಡಾಕ್ಟ್ರಿಗೆ ತೋರಿಸುವ."

ಬಾಗಿಲ ಬಳಿ ಜಪಕ್ಕೆ ಕೂತಿದ್ದ ಭಟ್ರು ತಲೆಯೆತ್ತಿದರು. "ಸೂಜಿ ಚುಚ್ಚಿದ್ರೆ ಸರ್ಪ ಕೆರಳ್ತದೆ ವಿನೋದಾ. ನಾಳೆ ಮನೆಯ ನಾಗಬನದಲ್ಲಿ ತಂಬಿಲದ ಪೂಜೆ ಮಾಡಿಸ್ತೇನೆ. ಎಳನೀರು, ಹಾಲು, ಎಲ್ಲ ಹೇಳಿ ಆಗಿದೆ."

"ಇದು ಸರ್ಪ ಅಲ್ಲ. ನಾನು ಹೊಯ್ದ ನೀರು."

ಅವರು ಅವಳನ್ನೇ ನೋಡಿದರು. ಸಿಟ್ಟು ಬರಬಹುದೆಂದು ಅವಳು ಕಾದಳು, ಬರಲೆಂದು ಕಾದಳು. ಬಂದದ್ದು ಕರುಣೆ. "ನಿಮ್ಮ ಮೇಲೆ ಹಾಕ್ಕೊಳ್ಬೇಡಿ. ನೀವು ಅತ್ತೆಯನ್ನು ಎಷ್ಟು ಚಂದ ನೋಡಿಕೊಂಡಿದ್ದೀರಿ ನನಗೆ ಗೊತ್ತುಂಟು. ಬನದ ಕೆಲಸ ಎರಡು ವರ್ಷದಿಂದ ಬಿಟ್ಟಿದ್ದೇವೆ, ದೋಷ ನಮ್ಮದು. ನೀವು ಕೈ ಹಾಕಿ ನೋಡಿಯೇ ಹೊಯ್ತೀರಲ್ಲ?"

ಹೌದು, ಕೈ ಹಾಕಿ ನೋಡಿಯೇ. ಈ ಮನುಷ್ಯ ಒಳ್ಳೆಯವನು. ಅವನ ಒಳ್ಳೆಯತನ ಒಂದು ತಲೆದಿಂಬಿನ ಹಾಗೆ ತನ್ನ ಮುಖದ ಮೇಲೆ ಒತ್ತುತ್ತಿದೆ ಎನಿಸಿತು. ಎಲ್ಲರೂ ಅವಳನ್ನು ಕ್ಷಮಿಸಲು ತಯಾರಾಗಿ ನಿಂತಿದ್ದರು, ತಪ್ಪು ಏನೆಂದು ಕೇಳುವುದಕ್ಕೂ ಮೊದಲೇ. ಹೊರಗೆ ಬಂದಾಗ ಉದಯಶಂಕರ ಗೋಡೆಗೆ ಒರಗಿ ನಿಂತಿದ್ದ. ಎಲ್ಲ ಕೇಳಿಸಿಕೊಂಡಿದ್ದ. ಅವನು ಜೋರು ಮಾಡುವವನಲ್ಲ. "ವಿನೋದಕ್ಕ, ಹೊಸ ಕಟ್ಟಡದಲ್ಲಿ ನಿಮಗೊಂದು ಕೋಣೆ ಅಂತ ನಾನು ಗ್ರಹಿಸಿದ್ದೇನೆ. ಕಿಟಕಿ ಇರುವ ಕೋಣೆ. ಕೊನೆತನಕ ಇಲ್ಲಿಯೇ ಇರ್ಬಹುದು ನೀವು. ಅಣ್ಣನ ಮನೆಗೆ ಹೋಗ್ಲಿಕ್ಕೆ ಆಗ್ತದಾ ನಿಮಗೆ, ಹೇಳಿ?" ಆಗುವುದಿಲ್ಲವೆಂದು ಅವನಿಗೆ ಗೊತ್ತಿತ್ತು. "ದೇವರೇ ಒಂದು ದಾರಿ ತೋರಿಸಿದ್ದಾನೆ, ನಡುವಿನಲ್ಲಿ ನಾವು ಯಾಕೆ ಮಾತಾಡುವುದು? ಮತ್ತೆ, ಇವತ್ತು ಅತಿಥಿಗಳಿಗೆ ಶರಬತ್ತು ಸೌದಾ ಕೊಡ್ಲಿ. ಬೇಜಾರು ಮಾಡ್ಬೇಡಿ. ಹೊಸಬರು ನಿಮ್ಮ ಕೈ ನೋಡಿದ್ರೆ..." ಅಂದು ನಿಲ್ಲಿಸಿದ. ಅವಳು ಅಭ್ಯಾಸಬಲದಿಂದ ಕೈಗಳನ್ನು ಸೆರಗಿನೊಳಗೆ ತೆಗೆದುಕೊಂಡಳು. ತೆಗೆದುಕೊಂಡದ್ದಕ್ಕೆ ತನ್ನ ಮೇಲೆಯೇ ಹೇಸಿಗೆಯಾಯಿತು.

ಈಗ ಕುರ್ಚಿಗಳೆಲ್ಲ ಒರೆಸಿಯಾಗಿದೆ. ಅವಳ ಮನಸ್ಸಿನಲ್ಲಿ ಒಂದೇ ಲೆಕ್ಕಾಚಾರ. ಶೆಟ್ರದ್ದು ಕಾರು. ಶೆಟ್ರು ಹೊರದೇಶ ನೋಡಿದವರು. ಅವರಿಗೆ ಒಂದು ಸಲ ಆ ಕೋಣೆಯ ಬಾಗಿಲು ತೆರೆದರೆ ಸಾಕು, ಆಸ್ಪತ್ರೆ ಅನ್ನುತ್ತಾರೆ. ತಾನು ಬಾಯಿ ತೆರೆಯಬೇಕಾಗಿಯೇ ಇಲ್ಲ, ಕಿಟಕಿ ಇರುವ ಕೋಣೆಯೂ ತಪ್ಪುವುದಿಲ್ಲ. ಈ ಎರಡನೆಯ ಯೋಚನೆ ಮೊದಲನೆಯದರ ಹಿಂದೆಯೇ, ಬಾಲ ಮುದುಡಿದ ನಾಯಿಯಂತೆ, ಸದ್ದಿಲ್ಲದೆ ಬಂದು ಕೂತದ್ದನ್ನು ಅವಳು ನೋಡಿದಳು.

ಬಿಳಿ ಅಂಬಾಸಿಡರ್ ಬಂತು. ಸುಧಾಕರ ಶೆಟ್ರು, ಅವರ ಹೆಂಡತಿ ಶಶಿಪ್ರಭಾ. ಬೆಂಚಿನಲ್ಲಿ ಕೂತವರು ಕೈಮುಗಿದರು. ಮೊನ್ನೆಯೇ ಮುಗಿದು ಅಭ್ಯಾಸ ಮಾಡಿದ್ದ ಕೈಗಳು. ಸೌದಾ ಶರಬತ್ತು ತಂದಳು. ಶೆಟ್ರು ಪ್ರತಿಯೊಬ್ಬರ ಊರು ಕೇಳಿದರು. ಸುಬ್ಬಮ್ಮ, "ನಿಮ್ಮ ಅಜ್ಜಿಯನ್ನು ನಾನು ಕಂಡಿದ್ದೇನೆ, ನಿಮ್ಮದು ಅವರದ್ದೇ ಮೂಗು" ಅಂದಾಗ ಎಲ್ಲರೂ ನಕ್ಕರು. ಶಶಿಪ್ರಭಾ ಸೆರಗು ಹೊದ್ದು ಜಗಲಿಯ ಕೊನೆಯವರೆಗೆ ನಡೆದು, ಮುಚ್ಚಿದ ಬಾಗಿಲು ನೋಡಿ, "ಅಲ್ಲಿ ಯಾರಿದ್ದಾರೆ? ನರಳುವ ಸದ್ದು ಕೇಳ್ತದಲ್ಲ" ಅಂದಳು. ವಿನೋದಾ ಕಂಬದ ಬಳಿ ಬಂದು ನಿಂತಳು. ಉದಯಶಂಕರ ತಗ್ಗಿದ ದನಿಯಲ್ಲಿ ಹೇಳಿದ: ಟೀಚರಮ್ಮ, ಪಾಪ, ಸರ್ಪಸುತ್ತು, ಕುಟುಂಬದವರು ಬಂದಿದ್ದಾರೆ, ನಾಳೆ ತಂಬಿಲ.

ಶೆಟ್ರು ಎದ್ದು ನಿಂತರು. ಚಪ್ಪಲಿ ಬಿಟ್ಟರು. ಆ ಮುಚ್ಚಿದ ಬಾಗಿಲಿಗೆ ಎರಡೂ ಕೈ ಮುಗಿದರು. "ತಂಬಿಲದ ಖರ್ಚು ನನ್ನದಿರ್ಲಿ" ಅಂದರು. ಹೆಂಡತಿಯೂ ಮುಗಿದಳು, ಬೆಂಚಿನವರು ಮುಗಿದರು, ಉದಯಶಂಕರ ಎಲ್ಲರಿಗಿಂತ ಹೆಚ್ಚು ಹೊತ್ತು ಕಣ್ಣು ಮುಚ್ಚಿ ನಿಂತ. ಅಷ್ಟು ಜನರ ಭಕ್ತಿ ಒಂದು ಬೀಗದ ಹಾಗೆ ಆ ಬಾಗಿಲಿಗೆ ಬೀಳುವುದನ್ನು ವಿನೋದಾ ಕಂಬದ ಬಳಿಯಿಂದ ನೋಡಿದಳು. ಇನ್ನು ಯಾರೂ ಅದನ್ನು ತೆರೆಯುವುದಿಲ್ಲ. ಒಳಗೆ ಮಣ್ಣಿನ ಕೆಳಗೆ ಅಮ್ಮ ಕೊಳೆಯುತ್ತಾರೆ, ನಾಳಿದ್ದು ಸಾಯುತ್ತಾರೆ, ತಲೆ ಬಾಲ ಕೂಡಿತು ಅನ್ನುತ್ತಾರೆ, ಅವಳಿಗೆ ಕೋಣೆ ಸಿಗುತ್ತದೆ. ಆ ಕೋಣೆಯ ಕಿಟಕಿ ಅವಳಿಗೆ ಸ್ಪಷ್ಟವಾಗಿ ಕಂಡಿತು, ಸರಳುಗಳ ಹಸಿರು ಬಣ್ಣದ ಸಮೇತ. ಅವಳು ತಿರುಗಿ ಬಚ್ಚಲುಮನೆಗೆ ನಡೆದಳು.

ಹಂಡೆಯ ಕೆಳಗೆ ಬೆಂಕಿ ಇತ್ತು. ನೀರು ಗುಳುಗುಳು ಅನ್ನುತ್ತಿತ್ತು. ಬಕೆಟಿಗೆ ತೋಡಿದಳು, ಮೊನ್ನೆಯಷ್ಟೇ. ಒಂದು ಚೆಂಬು ತಣ್ಣೀರು ಹುಡುಕಿ ಬೆರೆಸಿದಳು, ಮೊನ್ನೆಯಷ್ಟೇ, ಅನ್ಯಾಯವಾಗಬಾರದು, ಯಾರಿಗೂ. ಬಕೆಟು ಹಿಡಿದು ಜಗಲಿಯ ಮುಂದೆ, ಬಿಸಿಲಿನಲ್ಲಿ, ಶೆಟ್ರ ಕುರ್ಚಿಯ ಎದುರಿಗೆ ತಂದಿಟ್ಟಳು. ಬಿಸಿಲಿಗೆ ಹಬೆ ಕಾಣುತ್ತಿರಲಿಲ್ಲ. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿ ಎರಡೂ ಕೈಗಳನ್ನು ಅದ್ದಿದಳು. ಅಂಗೈಗೆ ಏನೂ ಆಗಲಿಲ್ಲ. ಇನ್ನೂ ಕೆಳಗೆ ಇಳಿಸಿದಳು, ಮಣಿಕಟ್ಟು ಮುಳುಗುವವರೆಗೆ. ಬೀಜದೆಣ್ಣೆ ತಾಗದ ಚರ್ಮ ಅಲ್ಲಿಂದ ಮೇಲೆ. ನೋವು ಕಿಡಿಯಂತೆ ಭುಜದವರೆಗೆ ಹತ್ತಿತು. ಅವಳು ಕೈ ತೆಗೆಯಲಿಲ್ಲ.

"ಎಂತ ಇದು ವಿನೋದಕ್ಕ," ಉದಯಶಂಕರ ನಗುವ ಪ್ರಯತ್ನ ಮಾಡಿದ. "ಕೈ ತೊಳೀಲಿಕ್ಕೆ ನೀರು ಆಮೇಲೆ."

"ಟೀಚರಮ್ಮನಿಗೆ ಸ್ನಾನ ಮಾಡಿಸಿದ ನೀರು ಇದು. ನನ್ನ ಅಂಗೈಗೆ ಹದವೇ. ಬನ್ನಿ, ನೀವೊಂದು ಸಲ ಕೈ ಹಾಕಿ, ನೋಡುವ."

"ಇವರಿಗೆ ಸ್ವಲ್ಪ ಮನಸ್ಸಿಗೆ..." ಎಂದು ಅವನು ಶೆಟ್ರ ಕಡೆ ತಿರುಗಿದ.

"ಮನಸ್ಸು ಇರ್ಲಿ. ಕೈ ಹಾಕಿ."

"ನಿನಗೆ ಹುಚ್ಚು ಗಿಚ್ಚು ಹಿಡಿದದ್ದಾ ಹೆಣ್ಣೇ, ನಾಗನ ವಿಷಯದಲ್ಲಿ ಆಟ ಆಡ್ತಿಯಾ" ಅಂದರು ಸುಬ್ಬಮ್ಮ. ಆದರೆ ಅವರ ಕಣ್ಣು ನೀರಿನಲ್ಲಿದ್ದ ಕೈಯ ಮೇಲಿತ್ತು. ಮಣಿಕಟ್ಟಿನ ಸುತ್ತ ಕೆಂಪು ಬಳೆಯಂತೆ ಏಳುತ್ತಿತ್ತು. ಶೆಟ್ರು ಕುರ್ಚಿಯ ತುದಿಗೆ ಬಂದು ಕೂತು ಮ್ಯಾನೇಜರನ್ನೇ ನೋಡಿದರು. ಉದಯಶಂಕರನ ಬಲಗೈ ತನ್ನಷ್ಟಕ್ಕೆ ಬೆನ್ನ ಹಿಂದೆ ಹೋಯಿತು.

ಸದ್ದು ಕೇಳಿ ಭಟ್ರು ಬಾಗಿಲು ತೆರೆದು ಬಂದಿದ್ದರು. ಅವರು ಯಾರನ್ನೂ ಕೇಳಲಿಲ್ಲ. ಅಂಗಳಕ್ಕಿಳಿದು, ಬಾಗಿ, ನಾಲ್ಕು ಬೆರಳು ನೀರಿಗಿಟ್ಟರು. ಇಟ್ಟದ್ದೂ ಎಳೆದುಕೊಂಡದ್ದೂ ಒಂದೇ ಆಯಿತು. ಬೆರಳುಗಳನ್ನು ನೋಡಿಕೊಳ್ಳುತ್ತ ನಿಂತರು. "ಸೊಂಟದಲ್ಲಿ ನಿಂತಿತ್ತಾ?" ಅಂದರು.

"ಹೌದು ಭಟ್ರೇ. ಬೈರಾಸಿನಲ್ಲಿ."

"ನಾನು ಮಣ್ಣು ಹಚ್ಚಿದೆ ಅದರ ಮೇಲೆ."

ಅವಳಿಗೆ ಅಳು ಬಂದದ್ದು ಅಲ್ಲಿ. ಅದನ್ನು ನುಂಗಿದಳು; ಈಗ ಅತ್ತರೆ ಇವರೆಲ್ಲ ಮತ್ತೆ ಕ್ಷಮಿಸುತ್ತಾರೆ. ಕೈಗಳನ್ನು ನೀರಿನಿಂದ ತೆಗೆದು ಉದಯಶಂಕರನ ಕಡೆ ತಿರುಗಿದಳು. "ನನ್ನ ತಪ್ಪು ನಾನು ಹೇಳಿದೆ. ಈ ಕೈಗೆ ಬಿಸಿ ಗೊತ್ತಾಗುವುದಿಲ್ಲ ಅಂತ ನನಗೆ ಗೊತ್ತಿತ್ತು, ನಿಮಗೂ ಗೊತ್ತಿತ್ತು. ಪಂಪಿನ ವಿಷಯ ನಿಮ್ಮದು. ತಣ್ಣೀರು ಅಡುಗೆಗೆ ಹೋದದ್ದು, ಸೌದಾಳನ್ನು ಅಂಗಳಕ್ಕೆ ಹಾಕಿದ್ದು, ಸುಟ್ಟ ಗಾಯವನ್ನು ನಾಗನ ತಲೆಗೆ ಕಟ್ಟಿದ್ದು, ಎಲ್ಲ ನಿಮ್ಮದು. ನಿಮ್ಮದು ನೀವು ಹೇಳಿ."

ಅವನು ಹೇಳುವವರೆಗೆ ಕಾಯುವಷ್ಟು ಹೊತ್ತೂ ಇರಲಿಲ್ಲ. ಶಶಿಪ್ರಭಾ ಆಗಲೇ ಕಾರಿನ ಹಿಂಬಾಗಿಲು ತೆರೆದು, ಸೀಟಿನ ಮೇಲಿದ್ದ ಹಣ್ಣಿನ ಬುಟ್ಟಿಗಳನ್ನು ಎತ್ತಿ ಅಂಗಳಕ್ಕೆ ಇಡುತ್ತಿದ್ದಳು. ಸೌದಾ ಮತ್ತು ಭಟ್ರು ಅಮ್ಮ ಮಲಗಿದ್ದ ಹೊದಿಕೆಯ ಎರಡು ತುದಿ ಹಿಡಿದರು, ಶೆಟ್ರು ತಲೆಯ ಕಡೆ ಹಿಡಿದರು. ಹೊರಗಿನ ಬೆಳಕಿಗೆ ಕಾವಿಮಣ್ಣಿನ ಬಿರುಕುಗಳು ಕಂಡಾಗ ಶೆಟ್ರು ಮುಖ ತಿರುಗಿಸಿದರು, ಕೈ ಮಾತ್ರ ಬಿಡಲಿಲ್ಲ. ವಿನೋದಾ ಒಳಗೆ ಕೂತು ಅಮ್ಮನ ತಲೆಯನ್ನು ತೊಡೆಯ ಮೇಲೆ ತೆಗೆದುಕೊಂಡಳು. ಭಟ್ರು ಮುಂದೆ ಕೂತರು. ಹೆದ್ದಾರಿಯಲ್ಲಿ ಆಸ್ಪತ್ರೆಗೆ ಎಷ್ಟು ದೂರವೋ, ಅಮ್ಮ ಅಷ್ಟು ದೂರ ತಡೆಯುತ್ತಾರೋ ಇಲ್ಲವೋ, ಅದು ಈಗ ಯಾರ ಕೈಯಲ್ಲೂ ಇರಲಿಲ್ಲ.

ಉದಯಶಂಕರ ಕಾರಿನ ಕಿಟಕಿಗೆ ಬಾಗಿದ. ಈಗಲೂ ಅವನ ದನಿ ಏರಲಿಲ್ಲ. "ನಿಮ್ಮ ಗಂಟು ಕಟ್ಟಿ ಕಳಿಸ್ಲಿಕ್ಕೆ ಹೇಳ್ತೇನೆ ವಿನೋದಕ್ಕ. ಇಲ್ಲಿಗೆ ಬರ್ಬೇಡಿ ಇನ್ನು."

"ಗಂಟು ಅಲ್ಲಿಯೇ ಇರ್ಲಿ" ಅಂದಳು ಅವಳು. "ಅಮ್ಮನನ್ನು ಡಾಕ್ಟ್ರ ಕೈಗೆ ಕೊಟ್ಟು ಬರ್ತೇನೆ. ಉಳಿದವರಿಗೂ ನಾಳೆ ಸ್ನಾನ ಆಗ್ಬೇಕಲ್ಲ. ಅಷ್ಟರೊಳಗೆ ಆ ಪಂಪು ರಿಪೇರಿ ಮಾಡಿಸಿ. ಸೌದಾ ನನ್ನ ಒಟ್ಟಿಗೆ ಬಚ್ಚಲಿನಲ್ಲಿ ಇರ್ತಾಳೆ. ನೀವು ಬಿಡುವುದಿಲ್ಲ ಅಂದ್ರೆ ಗೇಟಿನ ಹೊರಗೆ ಕೂತುಕೊಳ್ತೇನೆ. ವೇಣೂರಿಗೆ ಹೋಗುವ ಪ್ರತಿ ಬಸ್ಸಿನವರಿಗೂ ಈ ಕೈ ತೋರಿಸ್ತೇನೆ."

ಕಾರು ಗೇಟು ದಾಟಿತು. ಮಣಿಕಟ್ಟು ಉರಿಯುತ್ತಿತ್ತು, ಬೊಬ್ಬೆಗಳು ಏಳತೊಡಗಿದ್ದವು. ನೀರು ಎಷ್ಟು ಬಿಸಿ ಇತ್ತೆಂದು ಅವಳಿಗೆ ಈಗ ಸರಿಯಾಗಿ ತಿಳಿಯುತ್ತಿತ್ತು, ಪ್ರತಿ ಗುಂಡಿಗೆ ಕಾರು ಹಾರಿದಾಗಲೂ ತಿಳಿಯುತ್ತಿತ್ತು. ಅಮ್ಮನ ಎಡಗೈ ತಡಕಾಡಿ ಬಂದು ಅವಳ ಕಪ್ಪು ಬೆರಳುಗಳನ್ನು ಹಿಡಿಯಿತು. ಮುಂದೆ ಕೂತ ಡ್ರೈವರು ಕನ್ನಡಿಯಲ್ಲಿ ಆ ಕೈಗಳನ್ನು ಒಂದು ಸಲ ನೋಡಿದ, ಇನ್ನೊಂದು ಸಲ ನೋಡಿದ. ಸೆರಗು ಸೊಂಟದಲ್ಲಿ ಸಿಕ್ಕಿಸಿದ ಹಾಗೆಯೇ ಇತ್ತು. ನೋಡಲಿ ಎಂದು ಅವಳು ಅದನ್ನು ಬಿಚ್ಚಲಿಲ್ಲ.